ಇನ್ನೂ ಬಂದಿಲ್ಲ

ಬೆಳಿಗ್ಗೆ ಹಾಲಿನ ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದಾಗ ಅತ್ತೆ ರೇಣುಕಮ್ಮ ಆಗಲೇ ಸ್ನಾನ ಮುಗಿಸಿ, ನೆಂಟರ ಮದುವೆಗೆಂದು ತೆಗೆದಿಟ್ಟ ಹಸಿರು ಸೀರೆ ಉಟ್ಟು, ಜಗುಲಿಯ ಬಿಸಿಲಿಗೆ ಕೂದಲು ಹರವಿಕೊಂಡು ಕೂತಿದ್ದಳು. ಜ್ಯೋತಿಲಕ್ಷ್ಮಿ ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಕೇಳದೇ ಇದ್ದರೆ ಉತ್ತರವೂ ಹುಟ್ಟಲಿಕ್ಕಿಲ್ಲ ಎಂಬ ಆಸೆಯಿಂದ ಸುಮ್ಮನೆ ಟೀ ಸೋಸಿದಳು. ಆದರೆ ಲೋಟ ಕೈಗೆ ಕೊಡುವಾಗ ರೇಣುಕಮ್ಮ ತಾನಾಗಿಯೇ, ಇವತ್ತು ನಿನ್ನ ಪಾಠ ನಮ್ಮ ಬೀದಿಯಲ್ಲೇ ಅಂತಲ್ಲ, ನಾನೂ ಬರ್ತೀನಿ ಎಂದಳು. ಅಲ್ಲಿ ಕೆಳಗೆ ಕೂರಬೇಕಾಗುತ್ತೆ, ಮಂಡಿ ಹಿಡಿದುಕೊಳ್ಳುತ್ತೆ, ಎಲ್ಲ ನಿಮಗೆ ಗೊತ್ತಿರೋ ವಿಷಯವೇ ಎಂದು ಜ್ಯೋತಿಲಕ್ಷ್ಮಿ ಹೇಳುತ್ತಿದ್ದರೆ ರೇಣುಕಮ್ಮ ಲೋಟದೊಳಗೆ ನೋಡುತ್ತ ಊದಿ ಊದಿ ಕುಡಿದಳು. ಒಂದು ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಮಾತನಾಡುವವರ ಭುಜದ ಆಚೆಗೆಲ್ಲೋ ನೋಡುತ್ತಿದ್ದಳು. ಈ ನೋಟ ಕಣ್ಣಿನ ದೋಷವೋ, ಬೇರೇನಾದರೂ ಇದೆಯೋ ಎಂದು ಜ್ಯೋತಿಲಕ್ಷ್ಮಿಗೆ ಈಚೆಗೆ ತಿಳಿಯದಂತಾಗಿತ್ತು.

ತಪ್ಪು ತನ್ನದೇ. ತಾನು ಕೆಲಸ ಮಾಡುವ ಸಂಸ್ಥೆಯ ಚಳ್ಳಕೆರೆ ಆಫೀಸಿನಿಂದ ಮೇಲ್ವಿಚಾರಕ ಪಾಲಾಕ್ಷ ಫೋನು ಮಾಡಿ, ಈ ತಿಂಗಳ ತರಬೇತಿ ನೋಡಲು ತಾನೇ ಬರುತ್ತೇನೆ, ನಿಮ್ಮ ಬೀದಿಯಲ್ಲೇ ಇಟ್ಟರೆ ಜನ ಸೇರಿಸುವುದು ಸುಲಭ ಅಲ್ಲವಾ ಮೇಡಂ ಎಂದಾಗ ಬೇಡವೆನ್ನಲು ಒಂದು ಕಾರಣವೂ ತಕ್ಷಣಕ್ಕೆ ಹೊಳೆಯಲಿಲ್ಲ. ಎರಡು ವರ್ಷದಿಂದ ಅವಳು ರಾಂಪುರದಿಂದ ಹಿಡಿದು ಕುದಾಪುರದ ಆಚೆಯ ಹಟ್ಟಿಗಳವರೆಗೆ ಗಾಡಿ ಓಡಿಸಿಕೊಂಡು ಹೋಗಿ, ಸರ್ಕಾರದಿಂದ ಗೃಹಲಕ್ಷ್ಮಿಯೋ ಪಿಂಚಣಿಯೋ ಬರುವ ಹೆಂಗಸರನ್ನು ಕೂರಿಸಿಕೊಂಡು ದುಡ್ಡಿನ ಪಾಠ ಹೇಳುತ್ತಿದ್ದಳು. ಖಾತೆ ಎಂದರೇನು, ಉಳಿತಾಯ ಎಂದರೇನು, ಫೋನಿನಲ್ಲಿ ಬರುವ ನಂಬರನ್ನು ಯಾರಿಗೂ ಯಾಕೆ ಹೇಳಬಾರದು. ಪರ ಊರಿನಲ್ಲಿ ಅವಳ ಮಾತು ಎಂದೂ ತಡವರಿಸಿದ್ದಿಲ್ಲ. ಅಲ್ಲಿ ಅವಳು ಬಟ್ಟೆಯ ಚಾರ್ಟು, ಗುರುತಿನ ಕಾರ್ಡು ಇದ್ದ ಮೇಡಂ. ಇಲ್ಲಿ ರೇಣುಕಮ್ಮನ ಸೊಸೆ.

ಅತ್ತೆಯ ಎಟಿಎಂ ಕಾರ್ಡು ತನ್ನ ಪರ್ಸಿಗೆ ಬಂದದ್ದು ಯಾವ ದಿನ ಎಂದು ನೆನಪು ಮಾಡಿಕೊಳ್ಳಲು ಅವಳು ಎಷ್ಟೋ ಸಲ ಪ್ರಯತ್ನಿಸಿದ್ದಳು. ಅಂಥ ಒಂದು ದಿನ ಸಿಕ್ಕಿದ್ದರೆ ಅದನ್ನು ಬೈದುಕೊಳ್ಳಬಹುದಿತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಅತ್ತೆಯ ಹೆಸರಿದ್ದುದರಿಂದ ಗೃಹಲಕ್ಷ್ಮಿ ದುಡ್ಡು ಅತ್ತೆಯ ಖಾತೆಗೆ ಬಂತು. ಅತ್ತೆಗೆ ಅಂಕಿ ಗೊತ್ತು, ಅಕ್ಷರ ಬಾರದು. ಎಟಿಎಮ್ಮಿನ ಬೆಳಕಿಗೆ ಕಣ್ಣು ಕುಕ್ಕುತ್ತದೆ ಎಂದು ಅವಳೇ ಕಾರ್ಡು ಕೊಟ್ಟು ಕಳಿಸಿದ್ದಳು. ಕುದಾಪುರದ ಕ್ಯಾಂಪಸ್ಸೊಂದಕ್ಕೆ ನೌಕರರ ಬಸ್ಸು ಓಡಿಸುವ ಗಂಡ ಮಾರುತೇಶ್, ಅವ್ವಂದೆಲ್ಲ ನೀನೇ ನೋಡ್ಕೋ ಅಂದಿದ್ದ. ಮೊದಮೊದಲು ಜ್ಯೋತಿಲಕ್ಷ್ಮಿ ನೋಟುಗಳನ್ನು ತಂದು ಅತ್ತೆಯ ಕೈಗೇ ಕೊಡುತ್ತಿದ್ದಳು. ರೇಣುಕಮ್ಮ ಅವನ್ನು ಕಣ್ಣಿಗೊತ್ತಿಕೊಂಡು, ಒಂದನ್ನು ಸೆರಗಿಗೆ ಗಂಟು ಹಾಕಿ, ಉಳಿದದ್ದನ್ನು ಮನೆಗೆ ಇಟ್ಕೋ ಎಂದು ವಾಪಸು ಕೊಡುತ್ತಿದ್ದಳು. ಹೇಗೂ ವಾಪಸು ಬರುವುದನ್ನು ಕೊಡುವುದೇಕೆ ಎಂದು ಯಾವಾಗಲೋ ಅನ್ನಿಸಿರಬೇಕು. ಸಿಲಿಂಡರಿಗೆ ಹಾಕಿದೆ ಅತ್ತೆ, ಮಗಳ ಸ್ಕೂಲಿಗೆ ಕಟ್ಟಿದೆ ಅತ್ತೆ ಎಂದು ಬಾಯಲ್ಲಿ ಹೇಳಿದರೆ ಸಾಕಾಯಿತು. ಆಮೇಲೆ ಅದನ್ನೂ ಹೇಳಲಿಲ್ಲ. ತರಬೇತಿಗೆ ಓಡಾಡಲೆಂದು ತೆಗೆದುಕೊಂಡ ಗಾಡಿಯ ಕಂತು ಅತ್ತೆಯ ದುಡ್ಡಿನಲ್ಲಿ ಸಲೀಸಾಗಿ ಹೋಗುತ್ತಿತ್ತು. ಒಂದು ಸಂಜೆ ರೇಣುಕಮ್ಮ ಹೂವು ಕಟ್ಟುತ್ತ ಕೂತವಳು, ನಂಗೆ ಸ್ವಲ್ಪ ಬೇಕಿತ್ತು ಕಣೆ, ಬಂತಾ ಎಂದು ಕೇಳಿದಳು. ಕಂತು ಕಟ್ಟಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ ಜ್ಯೋತಿಲಕ್ಷ್ಮಿ. ಇನ್ನೂ ಬಂದಿಲ್ಲ ಅತ್ತೆ ಅಂದಳು. ಕೆಲವೊಮ್ಮೆ ನಿಜಕ್ಕೂ ತಡವಾಗಿ ಎರಡು ತಿಂಗಳದ್ದು ಒಟ್ಟಿಗೆ ಬರುತ್ತಿದ್ದುದರಿಂದ ಆ ಮಾತು ಸುಳ್ಳಿನ ಹಾಗೆ ಕೇಳಿಸಲೇ ಇಲ್ಲ. ಮುಂದಿನ ತಿಂಗಳು ಹೇಳುವುದು ಇನ್ನೂ ಸುಲಭವಾಯಿತು. ಈ ಸೋಮವಾರವೂ ಅಷ್ಟೇ. ದುಡ್ಡು ಖಾತೆಯಲ್ಲಿ ಬಿದ್ದಿತ್ತು, ಕಾರ್ಡು ಪರ್ಸಿನಲ್ಲಿತ್ತು, ಬಾಯಿ ತನ್ನಷ್ಟಕ್ಕೆ ತಾನು ಇನ್ನೂ ಬಂದಿಲ್ಲ ಎಂದಿತ್ತು.

ಸಮುದಾಯ ಭವನದಲ್ಲಿ ಹೆಂಗಸರು ಆಗಲೇ ಸೇರಿದ್ದರು. ಪಾಲಾಕ್ಷ ಅವಳಿಗಿಂತ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿಕೊಂಡು ಬ್ಯಾನರು ಸರಿಯಾಗಿ ಕಾಣುವ ಮೂಲೆ ಯಾವುದೆಂದು ಫೋನು ಹಿಡಿದು ಹುಡುಕುತ್ತಿದ್ದ. ಒಳ್ಳೆಯ ಹುಡುಗ. ಯಾರಿಗೂ ಏರುದನಿಯಲ್ಲಿ ಮಾತಾಡಿದ್ದಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗುತ್ತಿತ್ತು. ಮೇಲಿನವರು ಒಂದು ಸಣ್ಣ ವಿಡಿಯೋ ಕೇಳಿದ್ದಾರೆ ಮೇಡಂ, ಫಲಾನುಭವಿಗಳ ಬಾಯಲ್ಲೇ ಬಂದರೆ ಚೆನ್ನಾಗಿರುತ್ತೆ ಎಂದ. ರೇಣುಕಮ್ಮ ಎಲ್ಲರಿಗಿಂತ ಮುಂದೆ, ಚಾರ್ಟಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಕಾಣುವುದಿಲ್ಲ, ಅದಕ್ಕೇ ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಪಕ್ಕದಲ್ಲಿ ಎದುರು ಮನೆಯ ಖಾತೂನ್ ಬೀ. ಗಂಡ ಬದುಕಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದವಳು. ಗೃಹಲಕ್ಷ್ಮಿಗೆ ಅರ್ಜಿ ಹಾಕುವ ದಿನ ಇವರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಂದೇ ಸರದಿಯಲ್ಲಿ ನಿಂತಿದ್ದರು.

ಜ್ಯೋತಿಲಕ್ಷ್ಮಿ ಶುರು ಮಾಡಿದಳು. ತೂತು ಬಿದ್ದ ಕೊಡದ ಚಿತ್ರ ತೋರಿಸಿ, ಇದರಲ್ಲಿ ಯಾವ ಯಾವ ತೂತಿನಿಂದ ನೀರು ಸೋರುತ್ತೆ ಹೇಳಿ ಎಂದಾಗ ಎಂದಿನಂತೆ ಗುಟ್ಕಾ ಎಂದರು, ಬ್ರಾಂದಿ ಎಂದರು, ನಕ್ಕರು. ಅವಳ ದನಿ ಅವಳಿಗೇ ದೂರದಲ್ಲಿ ಯಾರೋ ಓದುತ್ತಿರುವಂತೆ ಕೇಳುತ್ತಿತ್ತು. ಮುಂದಿನ ಹಾಳೆ ಉಳಿತಾಯದ್ದು. ಅದರ ಮುಂದಿನದು ಹೆಂಗಸೊಬ್ಬಳು ಎಟಿಎಂ ಕಾರ್ಡನ್ನು ಎದೆಗೊತ್ತಿಕೊಂಡು ನಿಂತ ಚಿತ್ರ. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಕಡಲೆಕಾಯಿ ಆರಿಸುತ್ತಿದ್ದ ಅವಳ ಅವ್ವ ಶನಿವಾರದ ಬಟವಾಡೆಯನ್ನು ಹೀಗೇ ಎದೆಗೊತ್ತಿಕೊಂಡು ಬರುತ್ತಿದ್ದಳು. ಹಿಂಡಿಯ ವಾಸನೆ ಸೀರೆಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅಪ್ಪ ಬಾಗಿಲಲ್ಲೇ ಕೂತು ಕೈ ಚಾಚುತ್ತಿದ್ದ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಬರೀ ಕೈ ಚಾಚುತ್ತಿದ್ದ. ತನ್ನದನ್ನೇ ತಾನು ವಾಪಸು ಕೇಳುವವನ ಸಮಾಧಾನ ಆ ಕೈಯಲ್ಲಿತ್ತು. ಆ ಕೈಯನ್ನು ನೆನೆಸಿಕೊಂಡೇ ಅವಳು ಈ ಕೆಲಸಕ್ಕೆ ಸೇರಿದ್ದು. ಹಟ್ಟಿಹಟ್ಟಿಯಲ್ಲಿ ಈ ಹಾಳೆ ಬಂದಾಗಲೆಲ್ಲ ಅವಳ ದನಿ ಒಂದಿಷ್ಟು ಏರುತ್ತಿತ್ತು. ಇವತ್ತು ಬೆರಳು ತಾನಾಗಿ ಎರಡು ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿತು. ವಿಮೆಯ ಕೊಡೆಯ ಚಿತ್ರ ಬಂತು. ಅವಳು ಕೊಡೆಯ ಬಗ್ಗೆ ಹೇಳತೊಡಗಿದಳು.

"ಮೇಡಂ, ಒಂದು ಶೀಟು ಬಿಟ್ಟೋಯ್ತು" ಎಂದ ಪಾಲಾಕ್ಷ ಹಿಂದಿನಿಂದ, ತುಂಬ ಮೆತ್ತಗೆ.

ಕಿವಿ ಬಿಸಿಯಾಯಿತು. ಓ ಹೌದಲ್ಲ ಎಂದು ನಕ್ಕು, ಅಂಟಿಕೊಂಡಿತ್ತು ಎಂದು ಯಾರೂ ಕೇಳದ ಸಮಜಾಯಿಷಿ ಕೊಟ್ಟು, ಹಾಳೆಯನ್ನು ಹಿಂದಕ್ಕೆ ಮಗುಚಿದಳು. ಚಾರ್ಟಿನ ಹೆಂಗಸು ಮತ್ತೆ ಎದುರು ನಿಂತಳು. ಕಾರ್ಡು ನಿಮ್ಮದು. ನಾಲ್ಕಂಕಿಯ ಪಿನ್ನು ನಿಮ್ಮದು. ಗಂಡನಿಗಾಗಲಿ, ಮಗನಿಗಾಗಲಿ... ಈ ಮಾತಿಗೆ ಬಂದಾಗ ಪ್ರತಿ ಊರಲ್ಲೂ ಅವಳು ಒಂದು ಉಸಿರು ಬಿಟ್ಟು, ಹೆಂಗಸರ ಮುಖ ನೋಡಿ, ಸೊಸೆಗಾಗಲಿ ಎನ್ನುತ್ತಿದ್ದಳು. ಆಗ ಅತ್ತೆಯರು ಸೊಸೆಯರನ್ನು ಮೊಣಕೈಯಿಂದ ತಿವಿದು ನಗುತ್ತಿದ್ದರು. ಈಗ ಆ ಉಸಿರಿನ ಜಾಗದಲ್ಲಿ ಭವನದ ಫ್ಯಾನು ಕಟಕಟ ಎನ್ನುವುದು ಕೇಳಿತು. ಹಿಂದೆ ಕೂತ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಗೊತ್ತು, ಬೀದಿಗೆಲ್ಲ ಗೊತ್ತು ಎಂದು ಅವಳಿಗೆ ಒಮ್ಮೆಗೇ ಖಾತ್ರಿಯಾಯಿತು. ಸೊಸೆಗಾಗಲಿ ಕೊಡಬೇಡಿ ಎಂದಳು. ಯಾರೂ ನಗಲಿಲ್ಲ.

ಪಾಲಾಕ್ಷನಿಗೆ ಆ ಮೌನ ಗಮನಕ್ಕೆ ಬಂದಂತಿರಲಿಲ್ಲ. ಫೋನು ಹಿಡಿದುಕೊಂಡು ಮುಂದೆ ಬಂದು, ಬಗ್ಗಿ, ಮುಂದೆ ಕೂತಿದ್ದ ಹಸಿರು ಸೀರೆಯ ಮುದುಕಿಯನ್ನು ನೋಡಿ ಸಂತೋಷಪಟ್ಟ. ಅವಳು ಮೇಡಂ ಅವರ ಅತ್ತೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಅವಳ ಚೀಲ, ಚೀಲದೊಳಗೆ ಪರ್ಸು, ಪರ್ಸಿನೊಳಗೆ ಕಾರ್ಡು.

"ಅಜ್ಜಿ, ನಿಮಗೆ ಗೃಹಲಕ್ಷ್ಮಿ ಬರ್ತಾ ಐತಾ?"

"ಬರ್ತಾ ಐತಪ್ಪ."

ಜ್ಯೋತಿಲಕ್ಷ್ಮಿ ಆ ಉತ್ತರವನ್ನು ಮೊದಲು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿದಾಗ ಗೋಡೆಯ ಸುಣ್ಣ ಅಂಗೈಗೆ ಅಂಟಿಕೊಂಡದ್ದು ತಿಳಿಯಿತು. ಈ ಸೋಮವಾರ ಇನ್ನೂ ಬಂದಿಲ್ಲ ಎಂಬ ಮಾತನ್ನು ತಲೆಯಾಡಿಸಿ ಒಪ್ಪಿಕೊಂಡವಳು ಇವಳೇ.

"ಕಾರ್ಡು ಯಾರ ಹತ್ರ ಐತೆ ಅಜ್ಜಿ?" ಪಾಲಾಕ್ಷ ಫೋನನ್ನು ಇನ್ನಷ್ಟು ಹತ್ತಿರ ತಂದ.

ರೇಣುಕಮ್ಮ ಫೋನಿನ ಆಚೆಗೆ, ಅವನ ಭುಜದ ಆಚೆಗೆ ನೋಡಿದಳು. ಅಲ್ಲಿ ಜ್ಯೋತಿಲಕ್ಷ್ಮಿ ಇದ್ದಳು. ಖಾತೂನ್ ಬೀ ತಲೆ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತ ನೆಲ ನೋಡಿದಳು.

"ನನ್ನತ್ರಾನೇ ಐತೆ" ಎಂದಳು ರೇಣುಕಮ್ಮ. "ಇನ್ಯಾರತ್ರ ಇರ್ತೈತೆ?"

ಪಿನ್ನು ನೆನಪಿದೆಯಾ ಎಂದು ಅವನು ಕೇಳಿದ್ದಕ್ಕೆ, ಅದನ್ನ ಯಾರಿಗೂ ಹೇಳಬಾರ್ದು ಅಂತ ಈಗಿನ್ನೂ ಹೇಳಿಕೊಟ್ಟರಲ್ಲಪ್ಪ ಎಂದಳು. ಭವನವಿಡೀ ನಕ್ಕಿತು. ಕಟ್ಟಿಹೋಗಿದ್ದ ನಗೆಯೆಲ್ಲ ಒಟ್ಟಿಗೆ ಹೊರಬಂದಂತೆ ಬಹಳ ಹೊತ್ತು ನಕ್ಕರು. ಪಾಲಾಕ್ಷ ಹೆಬ್ಬೆರಳು ಎತ್ತಿ ತೋರಿಸಿದ. ಕೊನೆಗೆ ಎಲ್ಲರಿಗೂ ಬಿಸ್ಕತ್ತು, ಟೀ ಹಂಚುವಾಗ ಅವಳ ಹತ್ತಿರ ಬಂದು, ಇದೊಂದೇ ಸಾಕು ಮೇಡಂ, ಚಿತ್ರದುರ್ಗದ ಮೀಟಿಂಗಿನಲ್ಲಿ ತೋರಿಸುತ್ತೇನೆ, ಇಷ್ಟು ವಯಸ್ಸಾದವರಿಗೂ ಮನಸ್ಸಿಗೆ ಇಳಿಯುವ ಹಾಗೆ ಹೇಳಿಕೊಟ್ಟಿದ್ದೀರಿ ಅಂದ. ಅವಳು ಥ್ಯಾಂಕ್ಸ್ ಎಂದಳು. ಆ ಪದ ಬಾಯಿಂದ ಹೊರಬಿದ್ದ ಮೇಲೆ ನಾಲಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬಿಸ್ಕತ್ತು ಕಚ್ಚಿದಳು.

ಮನೆಗೆ ಬರುವಾಗ ಅತ್ತೆ ಮುಂದೆ, ಇವಳು ಚಾರ್ಟಿನ ಸುರುಳಿ ಹೊತ್ತು ಹಿಂದೆ. ಯಾವುದೋ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಮೊದಲೆಲ್ಲ ಈ ಬೀದಿಯ ಆಚೆ ತುದಿಯ ನೇಕಾರರ ಮನೆಗೆ ರೇಣುಕಮ್ಮ ರೇಷ್ಮೆ ನೂಲು ಸುತ್ತಲು ಕೂಲಿಗೆ ಹೋಗುತ್ತಿದ್ದಳು. ಮಾರುತೇಶನನ್ನು ಓದಿಸಿದ್ದು, ಮನೆಗೆ ಮೇಲ್ಛಾವಣಿಯ ಶೀಟು ಹಾಕಿಸಿದ್ದು ಆ ಕೂಲಿಯಲ್ಲೇ. ಆಗ ಆ ದುಡ್ಡನ್ನು ಎಲ್ಲಿಡುತ್ತಿದ್ದಳು, ಯಾರಿಗೆ ಕೊಡುತ್ತಿದ್ದಳು ಎಂದು ಜ್ಯೋತಿಲಕ್ಷ್ಮಿ ಒಂದು ದಿನವೂ ಕೇಳಿದ್ದಿಲ್ಲ. ಈಗ ಮಾತು ಬರುತ್ತದೆ, ಈ ತಿರುವಿನಲ್ಲಿ, ಈ ನಲ್ಲಿಯ ಹತ್ತಿರ ಎಂದು ಅವಳು ಕಾಯುತ್ತ ನಡೆದಳು. ಅತ್ತೆ ಮಗನಿಗೆ ಹೇಳುವಳೇ? ಹೇಳಿದರೆ ಮಾರುತೇಶ್ ಏನೂ ಅನ್ನಲಾರ, ಮನೆಗೇ ಹಾಕಿದ್ದಲ್ಲವಾ ಅಂದಾನು. ಹಾಗಂದರೆ ಇನ್ನೂ ಕೆಟ್ಟದು. ತಾನೇ ಮೊದಲು ಹೇಳಿಬಿಡಬೇಕು, ಸಿಲಿಂಡರು, ಮಗಳು ಆಶಾಳ ಫೀಜು, ಗಾಡಿ, ಗಾಡಿ ಇಲ್ಲದಿದ್ದರೆ ಈ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಎಲ್ಲವೂ ನಿಜವಾಗಿತ್ತು. ನಿಜವನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಆ ಎರಡು ಪದಗಳ ಸುಳ್ಳು ಅಡಿಯಲ್ಲಿ ಮುಚ್ಚಿಹೋಗುತ್ತಿರಲಿಲ್ಲ.

ಒಳಗೆ ಬಂದು ರೇಣುಕಮ್ಮ ಹಸಿರು ಸೀರೆ ಬದಲಿಸಲಿಲ್ಲ. ನೀರು ಕುಡಿದು, ಲೋಟ ಬೋರಲಿಟ್ಟು, ಮಂಚದ ತುದಿಯಲ್ಲಿ ಕೂತಳು.

"ಅಲ್ಲಿ ಎಲ್ಲಾರ ಮುಂದೆ ಒಂದು ಮಾತು ಆಡಿದೀನಿ" ಎಂದಳು. "ಆ ಮಾತು ಉಳಿಸು."

ಜ್ಯೋತಿಲಕ್ಷ್ಮಿ ಪರ್ಸು ತೆಗೆದಳು. ಕಾರ್ಡು ಅವಳ ಗುರುತಿನ ಚೀಟಿಗೆ ಅಂಟಿಕೊಂಡಿತ್ತು, ಉಗುರಿನಿಂದ ಎಬ್ಬಿಸಬೇಕಾಯಿತು. ಅತ್ತೆ ಕೈ ಚಾಚಲಿಲ್ಲ. ಮಂಚದ ಮೇಲೆ ಇಡುವವರೆಗೂ ಕೈಗಳು ಮಡಿಲಲ್ಲೇ ಇದ್ದವು. ಹೇಳಬೇಕೆಂದು ಜೋಡಿಸಿಕೊಂಡ ಸಿಲಿಂಡರು, ಫೀಜು ಯಾವುದೂ ಬಾಯಿಗೆ ಬರಲಿಲ್ಲ. ಯಾವಾಗಿಂದ ಗೊತ್ತಿತ್ತು ಎಂಬುದಷ್ಟೇ ಬಂತು. ಅದು ಕೇಳಬಾರದ ಪ್ರಶ್ನೆಯೆಂದು ಕೇಳಿದ ಮೇಲೆ ತಿಳಿಯಿತು.

"ಖಾತೂನ್ ಬೀಗೆ ಬಂದ್ರೆ ಮಾರನೇ ದಿನ ನಂಗೆ ಬಂದು ಹೇಳ್ತಾಳೆ. ಇಬ್ರೂ ಒಂದೇ ದಿನ ಬರೆಸಿದ್ದು" ಎಂದಳು ರೇಣುಕಮ್ಮ. ಕಾರ್ಡನ್ನು ಮಂಚದಿಂದ ಎತ್ತಿಕೊಂಡು, "ಬಂತೋ ಇಲ್ಲವೋ ಅಂತ ತಿಳ್ಕಳಾಕೆ ನಾನು ಕೇಳ್ತಿರಲಿಲ್ಲ ಕಣೆ. ನೀನು ಏನು ಹೇಳ್ತೀಯ ಅಂತ ಕೇಳ್ತಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಜ್ಯೋತಿಲಕ್ಷ್ಮಿ ಅಳಬಹುದಿತ್ತು.

ಮಧ್ಯಾಹ್ನದ ಬಿಸಿಲಿನಲ್ಲೇ ಇಬ್ಬರೂ ಮುಖ್ಯ ರಸ್ತೆಗೆ ಬಂದರು. ಊಟ ಮಾಡಿ ಹೋಗೋಣ ಎಂದದ್ದಕ್ಕೆ ರೇಣುಕಮ್ಮ ಒಪ್ಪಿರಲಿಲ್ಲ. ಎಟಿಎಮ್ಮಿನ ಒಳಗೆ ತಣ್ಣಗಿತ್ತು, ನೆಲದ ತುಂಬ ಯಾರ್ಯಾರೋ ಹರಿದು ಎಸೆದ ಚೀಟಿಗಳು. ಕಾರ್ಡು ಹೀಗೆ ಹಾಕಬೇಕು, ಕನ್ನಡ ಅಂತ ಇಲ್ಲಿ ಒತ್ತಬೇಕು, ಪಿನ್ನು ಬದಲಾಯಿಸಲು ಇದು ಎಂದು ಜ್ಯೋತಿಲಕ್ಷ್ಮಿ ತೋರಿಸಿದಳು. ಇಷ್ಟು ಹೆಂಗಸರಿಗೆ ಚಾರ್ಟಿನ ಮೇಲೆ ತೋರಿಸಿದ್ದನ್ನು ಯಂತ್ರದ ಮುಂದೆ ನಿಲ್ಲಿಸಿ ಒಬ್ಬರಿಗೂ ಕಲಿಸಿರಲಿಲ್ಲ ಎಂದು ಹೊಳೆಯಿತು. ಹಳೆಯ ಪಿನ್ನು ಕೇಳಿತು. ಅದನ್ನು ಜೋರಾಗಿ ಹೇಳಬೇಕಾದಾಗ ನಾಚಿಕೆಯಾಯಿತು. ಅದು ಆಶಾ ಹುಟ್ಟಿದ ಇಸವಿ, ತನ್ನ ಮಗಳದು. ಅತ್ತೆ ತಲೆ ಬಗ್ಗಿಸಿ, ಗುಂಡಿಗಳಿಗೆ ಮುಖ ತಾಗಿಸುವಷ್ಟು ಹತ್ತಿರ ಹೋಗಿ, ಒಂದೊಂದೇ ಅಂಕಿಯನ್ನು ತೋರುಬೆರಳಿನಿಂದ ಸವರಿ ಒತ್ತಿದಳು. ಹೊಸದನ್ನು ಹಾಕಿ ಎಂದು ತೆರೆಯ ಮೇಲೆ ಬಂದಾಗ ಜ್ಯೋತಿಲಕ್ಷ್ಮಿ ಬಾಗಿಲ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಅತ್ತೆಯ ಬೆನ್ನಿನ ನೆರಳು ಕಾಣುತ್ತಿತ್ತು. ಅವಳು ಕಣ್ಣನ್ನೂ ಮುಚ್ಚಿಕೊಂಡಳು. ನಾಲ್ಕು ಸಲ ಬೀಪ್ ಎಂದಿತು, ಮತ್ತೆ ನಾಲ್ಕು ಸಲ. ಕಾರ್ಡು ಹೊರಗೆ ಬಂತು. ರೇಣುಕಮ್ಮ ಅದನ್ನು ಹಿಡಿದುಕೊಂಡು, ದುಡ್ಡು ತೆಗೆಯೋಕೆ ಮತ್ತೆ ಹೀಗೇ ಹಾಕೋದಾ ಎಂದು ಕೇಳಿ, ಹೌದು, ಆಮೇಲೆ ಈ ಗುಂಡಿ ಎಂದು ತೋರಿಸಿದಾಗ, ಹಂಗಾರೆ ನೀನು ಹೊರಗೆ ನಿಂತಿರು ಎಂದಳು.

ಹೊರಗೆ ಬಳ್ಳಾರಿ ಬಸ್ಸು ಧೂಳೆಬ್ಬಿಸಿಕೊಂಡು ರಾಂಪುರದ ಕಡೆ ಹೋಯಿತು. ಯಂತ್ರದ ಮುಂದೆ ಅತ್ತೆಗೆ ಬಹಳ ಹೊತ್ತು ಹಿಡಿಯುತ್ತಿತ್ತು. ತಪ್ಪು ಒತ್ತಿ ಕಾರ್ಡು ಸಿಕ್ಕಿಹಾಕಿಕೊಂಡರೆ, ನೋಟು ಬಂದದ್ದು ಕಾಣದೆ ಅಲ್ಲೇ ಬಿಟ್ಟು ಬಂದರೆ ಎಂದು ಜ್ಯೋತಿಲಕ್ಷ್ಮಿ ಎರಡು ಸಲ ಬಾಗಿಲಿಗೆ ಕೈ ಹಾಕಿ ಹಿಂದಕ್ಕೆಳೆದುಕೊಂಡಳು. ಅತ್ತೆ ದುಡ್ಡೆಲ್ಲ ತೆಗೆದುಬಿಟ್ಟರೆ ಗಾಡಿಯ ಕಂತು? ಆ ಯೋಚನೆ ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು, ಆದರೆ ಬಂದದ್ದು ಹೋಗಲಿಲ್ಲ. ವಸೂಲಿಯವನು ಮನೆ ಬಾಗಿಲಿಗೆ ಬಂದು ನಿಂತಂತೆ, ಖಾತೂನ್ ಬೀ ಎದುರಿನಿಂದ ನೋಡುತ್ತಿರುವಂತೆ ಕಂಡಿತು. ಆಗ ಚೀಲದೊಳಗೆ ಫೋನು ನಡುಗಿತು. ಪಕ್ಕೆಗೆ ತಾಗಿಕೊಂಡಿದ್ದ ಚೀಲದ ಬಟ್ಟೆಯ ಮೂಲಕ ಆ ನಡುಕ ಮೈಗೆ ಹತ್ತಿತು. ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಖಾತೆ ಮಾಡಿಸುವಾಗ ಅತ್ತೆಗೆ ಫೋನಿಲ್ಲವೆಂದು ಕೊಟ್ಟದ್ದು ತನ್ನದೇ ನಂಬರು. ಎಷ್ಟು ತೆಗೆದಳು, ಇನ್ನೆಷ್ಟು ಉಳಿದಿದೆ ಎಂಬುದೆಲ್ಲ ಈಗ ಅಲ್ಲಿ ಬಂದು ಕೂತಿತ್ತು. ಕಾರ್ಡು ಅತ್ತೆಯ ಕೈಗೆ ಹೋದರೂ, ಪಿನ್ನು ಬದಲಾದರೂ, ಇನ್ನು ಮೇಲೂ ಪ್ರತಿ ತಿಂಗಳು, ಅತ್ತೆಗಿಂತ ಮೊದಲು, ಅದು ತನಗೇ ಬಂದು ಹೇಳುತ್ತದೆ. ಇದು ಅತ್ತೆಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಸಾಕು.

ಬಾಗಿಲು ತಳ್ಳಿಕೊಂಡು ರೇಣುಕಮ್ಮ ಬಂದಳು. ಕೈಯಲ್ಲೇನೂ ಕಾಣಲಿಲ್ಲ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಬಿಸಿಲಿಗೆ ಅಂಗೈ ಹಿಡಿದು ರಸ್ತೆಯ ಆಚೆ ಈಚೆ ನೋಡಿ, ನೀನು ಮನೆಗೆ ನಡಿ, ನಂಗೊಂದು ಕೆಲಸ ಐತೆ ಅಂದಳು. ಏನು ಕೆಲಸ, ಎಲ್ಲಿಗೆ, ಈ ಬಿಸಿಲಲ್ಲಿ ಒಬ್ಬಳೇ ಹೇಗೆ ದಾಟುತ್ತೀರಿ ಎಂಬ ಮಾತುಗಳು ಗಂಟಲಿಗೆ ನುಗ್ಗಿ ಬಂದವು. ಅವನ್ನು ತಡೆಯಲು ಹೋಗಿ ಬೇರೆಯದೇ ಹೊರಬಿತ್ತು.

"ಅತ್ತೆ, ನೀವು ದುಡ್ಡು ತೆಗೆದದ್ದು ನನ್ನ ಫೋನಿಗೆ ಮೆಸೇಜು ಬಂದೈತೆ. ನಂಬರು ನಂದು ಕೊಟ್ಟಿದ್ವಿ. ಬ್ಯಾಂಕಿಗೆ ಹೋಗಿ ಅದನ್ನೂ ಬದಲಾಯಿಸಬೇಕು."

ರೇಣುಕಮ್ಮ ನಿಂತಳು. ಇವಳ ಭುಜದ ಆಚೆಗಲ್ಲ, ಮುಖವನ್ನೇ ಹುಡುಕುವಂತೆ, ಒಳ್ಳೆಯ ಕಣ್ಣನ್ನು ಇವಳ ಕಡೆಗೆ ತಿರುಗಿಸಿ ನೋಡಿದಳು.

"ಎಷ್ಟು ಅಂತಾನೂ ಬರ್ತೈತಾ?"

"ಬರ್ತೈತೆ."

"ನೋಡಿದ್ಯಾ?"

"ಇಲ್ಲ."

ಒಂದು ಆಟೋ ಇಬ್ಬರ ಪಕ್ಕ ನಿಧಾನಿಸಿ, ಯಾರೂ ಹತ್ತದಿರುವುದು ನೋಡಿ ಮುಂದೆ ಹೋಯಿತು.

"ಹಂಗಾರೆ ನೋಡಬ್ಯಾಡ" ಎಂದಳು ರೇಣುಕಮ್ಮ. ಆಮೇಲೆ ಒಂದು ಕೈ ಎತ್ತಿ ಬರುವ ಗಾಡಿಗಳನ್ನು ತಡೆಯುತ್ತ, ಮೆಲ್ಲಗೆ, ಮಂಡಿ ಎಳೆದುಕೊಂಡು ರಸ್ತೆ ದಾಟಿ, ಅಂಗಡಿಗಳ ಸಾಲಿನ ನೆರಳಿಗೆ ಸೇರಿದಳು. ಹಸಿರು ಸೀರೆ ಒಂದು ಕ್ಷಣ ಬಳೆ ಅಂಗಡಿಯ ಮುಂದೆ ಕಂಡಿತು, ಆಮೇಲೆ ಅಲ್ಲಿಂದ ಬೀದಿ ಯಾವ ಕಡೆ ತಿರುಗುತ್ತದೋ ಆ ಕಡೆ ತಿರುಗಿ ಹೋಯಿತು.

ಮೆಸೇಜನ್ನು ನೋಡದೆ ಅಳಿಸಿಬಿಡಲು ದಾರಿ ಇದೆಯೇ ಎಂದು ಜ್ಯೋತಿಲಕ್ಷ್ಮಿ ಯೋಚಿಸಿದಳು. ಇರಲಿಲ್ಲ. ಅಳಿಸಬೇಕೆಂದರೂ ಒಮ್ಮೆ ಅದರ ಮೇಲೆ ಕಣ್ಣು ಹಾಯಲೇಬೇಕು. ಯಾರಿಗಾದರೂ ಕೊಟ್ಟು ಅಳಿಸಿಸಬಹುದು, ಆದರೆ ಅವರು ನೋಡಿಯಾರು. ಸಂಜೆ ಮಾರುತೇಶ್ ಫೋನು ಮಾಡುತ್ತಾನೆ, ಪಾಲಾಕ್ಷ ವಿಡಿಯೋ ಕಳಿಸುತ್ತೇನೆಂದಿದ್ದಾನೆ, ಆಗ ಫೋನು ತೆಗೆಯದೆ ವಿಧಿಯಿಲ್ಲ, ತೆಗೆದರೆ ಮೊದಲ ಸಾಲೇ ಅದು. ಚೀಲದ ಬಾಯಿಯ ಮೇಲೆ ಕೈಯಿಟ್ಟುಕೊಂಡು ಅವಳು ಮನೆಯ ದಾರಿ ಹಿಡಿದಳು. ಭವನ ದಾಟಿತು, ನಲ್ಲಿ ದಾಟಿತು. ಎದುರಿಗೆ ಸಿಕ್ಕ ಹೆಂಗಸೊಬ್ಬಳು ಇವತ್ತು ಪಾಠ ಚೆನ್ನಾಗಿತ್ತು ಕಣಕ್ಕ ಎಂದಳು. ಹೂಂ ಎಂದಳು. ಕೈ ಅಲ್ಲೇ ಇತ್ತು. ಫೋನು ತೆಗೆಯಲೆಂದು ಇಟ್ಟಿದ್ದೋ, ಮುಚ್ಚಿಹಿಡಿಯಲೆಂದು ಇಟ್ಟಿದ್ದೋ, ಮನೆಯ ಬಾಗಿಲಿಗೆ ಬಂದು ನಿಂತಾಗಲೂ ಅವಳಿಗೆ ತಿಳಿಯಲಿಲ್ಲ.